ಪಟ್ಟಿಗೆ ಸೇರಿದ ಮೂರನೆಯ ಕಾಮಗಾರಿ

ಕಾಮಗಾರಿ ಕಚೇರಿಯಲ್ಲಿ ಅವನಿಗೆ ತಕ್ಕಡಿ ಎಂದು ಹೆಸರು. ಎದುರಿಗಲ್ಲ, ಎದುರಿಗೆ ಎಲ್ಲರೂ ಸಾರ್ ಅನ್ನುತ್ತಿದ್ದರು. ಅವನು ಬಾಗಿಲು ದಾಟಿದ್ದೇ ತಡ, “ತಕ್ಕಡಿ ಊಟಕ್ಕೆ ಹೋದ್ನಾ?”, “ತಕ್ಕಡಿ ಸಹಿ ಹಾಕಿದ್ನಾ?” ಎಂದು ಶುರು. ಅವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇದ್ದು ಒಳಗೊಳಗೇ ಉಬ್ಬುತ್ತಿದ್ದ. ಒಬ್ಬನಿಗೆ ಬೊಜ್ಜ, ಇನ್ನೊಬ್ಬನಿಗೆ ಗೊರಕೆ ಎಂದು ಹೆಸರಿಟ್ಟವರು ತನಗೆ ಮಾತ್ರ ತಕ್ಕಡಿ ಎಂದಿಟ್ಟಿದ್ದಾರಲ್ಲ, ಅದು ಬಿರುದಲ್ಲದೆ ಇನ್ನೇನು ಎಂದು ಅವನ ಎಣಿಕೆ. ಪಾಪ, ತಕ್ಕಡಿಗೆ ತನ್ನದೇ ಆದ ಕೈ ಇರುವುದಿಲ್ಲ, ಅದನ್ನು ಹಿಡಿದವನೊಬ್ಬ ಬೇರೆ ಇರುತ್ತಾನೆ ಎನ್ನುವುದು ಅವನಿಗೆ ಐವತ್ತೊಂಬತ್ತನೆಯ ವಯಸ್ಸಿನವರೆಗೂ ಹೊಳೆಯಲಿಲ್ಲ.

ಎರಡನೆಯ ಮಹಡಿಯ ಕೊನೆಯ ಕೋಣೆ ಅವನದು. ಒಂದು ಕಿಟಕಿ, ಅದರಾಚೆ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ. ಎರಡು ಕಬ್ಬಿಣದ ಬೀರು. ಮೇಜಿನ ಒಂದು ಕಾಲು ಗಿಡ್ಡ, ಅದಕ್ಕೆ ಮಡಿಸಿದ ರಟ್ಟಿನ ಆಸರೆ. ಊರಿನವರು ವರ್ಷವಿಡೀ ಬರೆದು ಕಳಿಸುವ ಅರ್ಜಿಗಳೆಲ್ಲ ಇಲ್ಲಿಗೆ ಬರುತ್ತಿದ್ದವು. ಚರಂಡಿ ಕಟ್ಟಿಸಿಕೊಡಿ, ಆಸ್ಪತ್ರೆಗೆ ಇಳಿಜಾರು ಮಾಡಿಕೊಡಿ, ಶಾಲೆಗೆ ಗೋಡೆ ಹಾಕಿಕೊಡಿ. ಆದರೆ ವರ್ಷಕ್ಕೆ ಒಂದೇ ಒಂದು ದೊಡ್ಡ ಕಾಮಗಾರಿಗೆ ಮಾತ್ರ ಅನುದಾನ. ಯಾವುದಕ್ಕೆ ಎಂದು ತೀರ್ಮಾನಿಸುವುದು ಏಳು ಜನರ ಸಮಿತಿ. ಸಮಿತಿಯ ಮುಂದಿಡುವ ಪಟ್ಟಿ ಮಾಡುವುದು ಅವನು.

ಅವನು ಸೇರಿದ ಹೊಸತರಲ್ಲಿ ಪಟ್ಟಿ ಗಿಟ್ಟಿ ಏನೂ ಇರಲಿಲ್ಲ. ಯಾರ ಗಂಟಲು ದೊಡ್ಡದೋ ಅವರ ಕೆಲಸ ಆಗುತ್ತಿತ್ತು. ಒಂದು ವರ್ಷ ಶಾಲೆಯ ಶೌಚಾಲಯ ಕೈತಪ್ಪಿದ್ದು ಅದರ ಪರವಾಗಿ ಮಾತಾಡಬೇಕಾದ ಸದಸ್ಯರಿಗೆ ಅವತ್ತು ನೆಗಡಿಯಾಗಿ ದನಿ ಹೂತುಹೋಗಿದ್ದರಿಂದ. ಆಮೇಲೆ ಎರಡು ವಾರದ ತರಬೇತಿಯೊಂದಕ್ಕೆ ಕಚೇರಿಯಿಂದ ಅವನನ್ನು ಕಳಿಸಿದರು. ಉಳಿದವರು ಊಟವಾದ ಮೇಲೆ ಕೂತಲ್ಲೇ ತೂಕಡಿಸಿದರೆ ಇವನು ಎರಡು ನೋಟುಪುಸ್ತಕ ತುಂಬಿಸಿಕೊಂಡು ಬಂದ. ಬಂದವನ ಕಣ್ಣಲ್ಲಿ ಹೊಸ ಬೆಳಕು.

ವಿಧಾನ ಸರಳ. ಐದು ಕಾಲಂ: ಖರ್ಚು, ಸುರಕ್ಷತೆ, ಎಷ್ಟು ಜನಕ್ಕೆ ಅನುಕೂಲ, ಜಾಗ ಕೈಯಲ್ಲಿದೆಯೇ, ಕಟ್ಟಿದ ಮೇಲೆ ವರಮಾನ ಬರುತ್ತದೆಯೇ. ಒಂದೊಂದು ಕಾಲಂಗೂ ಒಂದೊಂದು ತೂಕ, ಎಲ್ಲ ಸೇರಿ ನೂರು. ಆ ತೂಕ ಎಷ್ಟೆಂದು ಅವನು ತಾನೇ ಹೇಳುತ್ತಿರಲಿಲ್ಲ, ಸಮಿತಿಯವರ ಬಾಯಿಂದಲೇ ಹೇಳಿಸುತ್ತಿದ್ದ. ಎರಡೆರಡು ಕಾಲಂ ಎದುರಿಗಿಟ್ಟು ಕೇಳುವುದು: “ಖರ್ಚು ಮುಖ್ಯವೋ, ಸುರಕ್ಷತೆ ಮುಖ್ಯವೋ? ಎಷ್ಟು ಪಟ್ಟು?” ಒಬ್ಬರು ಸುರಕ್ಷತೆ ಖರ್ಚಿನ ಎರಡು ಪಟ್ಟು ಅನ್ನುವರು, ಖರ್ಚು ಜನರ ಎರಡು ಪಟ್ಟು ಅನ್ನುವರು, ಚಹಾ ಕುಡಿದು ಬಂದು ಜನ ಸುರಕ್ಷತೆಯ ಮೂರು ಪಟ್ಟು ಅಂದುಬಿಡುವರು. “ಸಾರ್, ನೀವು ಹೇಳಿದ್ದು ತಿರುಗಿ ನಿಮ್ಮನ್ನೇ ಕಚ್ಚುತ್ತಿದೆ” ಎಂದು ಇವನು ಮಗುವಿಗೆ ಹೇಳುವಂತೆ ಮತ್ತೆ ಮೊದಲಿಂದ ಕೇಳುತ್ತಿದ್ದ. ಹಳೆಯ ಗುತ್ತಿಗೆದಾರರೊಬ್ಬರು ಸಮಿತಿಯಲ್ಲಿದ್ದರು. ಏನು ಕೇಳಿದರೂ “ಎರಡೂ ಮುಖ್ಯ ಕಣಯ್ಯ, ಬರ್ಕೋ” ಅನ್ನುತ್ತಿದ್ದರು. ಅಂತೂ ವರ್ಷಗಳ ಮೇಲೆ ಎಲ್ಲರೂ ಈ ಹಾದಿಗೆ ಬಂದರು. ಗಂಟಲು ದೊಡ್ಡದಿದ್ದವರು ಬಾಯಿ ಮುಚ್ಚಿ ಕೂತು ಅಂಕಕ್ಕೆ ಕಾಯುವುದನ್ನು ಕಲಿತರು. ಅದು ಸಣ್ಣ ಮಾತಲ್ಲ. ಆ ಮಟ್ಟಿಗೆ ಅವನು ಹೆಮ್ಮೆಪಟ್ಟುಕೊಂಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮನೆಯಲ್ಲಿ ಮಾತ್ರ ಈ ವಿದ್ಯೆಗೆ ಕವಡೆ ಬೆಲೆಯಿರಲಿಲ್ಲ. ಬಾಡಿಗೆಗೆ ನಾಲ್ಕು ಮನೆ ನೋಡಿದಾಗ ಅವನು ಹೀಗೇ ಪಟ್ಟಿ ಮಾಡಿ, ತೂಕ ಹಾಕಿ, ಮೊದಲು ಬಂದ ಮನೆಗೆ ಸಾಮಾನು ಸಾಗಿಸಿಬಿಟ್ಟಿದ್ದ. ಹೆಂಡತಿ ಒಳಗೆ ಹೋಗಿ ಎರಡೇ ನಿಮಿಷದಲ್ಲಿ ಹೊರಗೆ ಬಂದಳು.

“ಅಡುಗೆಮನೆಗೆ ಕಿಟಕಿ ಎಲ್ರೀ?”

ಕಿಟಕಿ ಇರಲಿಲ್ಲ. ಪಟ್ಟಿಯಲ್ಲಿ ಕಿಟಕಿಗೆ ಕಾಲಂ ಇರಲಿಲ್ಲ. ಹನ್ನೊಂದು ವರ್ಷದಿಂದ ಒಗ್ಗರಣೆ ಹಾಕಿದಾಗಲೆಲ್ಲ ಆ ಹೆಂಗಸು ಕೆಮ್ಮುತ್ತಲೇ ಬಂದಿದ್ದಾಳೆ, ಕೆಮ್ಮಿದಾಗಲೆಲ್ಲ “ನಿಮ್ಮ ಕಾಲಂಗಿಷ್ಟು” ಅನ್ನುತ್ತಲೇ ಬಂದಿದ್ದಾಳೆ. ಅವನು ಪೇಪರು ಮುಖಕ್ಕೆ ಹಿಡಿದುಕೊಳ್ಳುತ್ತಿದ್ದ.

ಇನ್ನು ಅಕ್ಕನ ವಿಷಯ. ಊರಿನ ಒಂದು ಮಗ್ಗುಲಿಗೆ ದೊಡ್ಡ ಕಾಲುವೆ. ಅದರ ಆಚೆ ದಡದ ಕೇರಿಯಲ್ಲಿ ಅವರಿಬ್ಬರೂ ಹುಟ್ಟಿದ್ದು. ಅವನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು ಅಕ್ಕ. ಆ ಕೇರಿಯಿಂದ ಊರಿಗೆ ಬರಬೇಕೆಂದರೆ ಎರಡು ದಾರಿ: ಐದು ಕಿಲೋಮೀಟರ್ ಸುತ್ತಿಕೊಂಡು ಬರುವುದು, ಇಲ್ಲವೇ ಕಾಲುವೆಯ ಅಡ್ಡಕ್ಕೆ ಹಾಯ್ದಿರುವ ನೀರಿನ ಪೈಪಿನ ಮೇಲೆ ನಡೆಯುವುದು. ತಬ್ಬಿದರೆ ತೆಕ್ಕೆಗೆ ಸಿಗುವಷ್ಟು ದಪ್ಪದ ಕಬ್ಬಿಣದ ಪೈಪು. ಎದೆಮಟ್ಟಕ್ಕೆ ಯಾರೋ ಎಂದೋ ಎಳೆದು ಕಟ್ಟಿದ ಒಂದು ತಂತಿ. ಕೆಳಗೆ ಎರಡಾಳು ಆಳದಲ್ಲಿ ಕಪ್ಪು ನೀರು. ಅವನು ಚಿಕ್ಕವನಿದ್ದಾಗ ಅಕ್ಕ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಆ ಪೈಪು ದಾಟಿಸಿ ಶಾಲೆಗೆ ಕರೆದೊಯ್ಯುತ್ತಿದ್ದಳು. “ಕೆಳಗೆ ನೋಡ್ಬೇಡ, ನನ್ನ ಕಿವಿ ನೋಡು” ಅನ್ನುತ್ತಿದ್ದಳು. ಅವಳ ಕಿವಿಯ ಹಿಂದಿನ ಮಚ್ಚೆಯನ್ನು ಅವನು ಇವತ್ತಿಗೂ ಮರೆತಿಲ್ಲ.

ಲೆಕ್ಕದಲ್ಲಿ ಅಕ್ಕನೇ ಚುರುಕು. ಆದರೆ ಅಮ್ಮ ಹಾಸಿಗೆ ಹಿಡಿದಳು, ಮನೆಯಲ್ಲಿ ಒಬ್ಬರು ಉಳಿಯಲೇಬೇಕಾಯಿತು. ಅಪ್ಪ ಅಕ್ಕನನ್ನು ಏಳನೆಯ ತರಗತಿಗೆ ಬಿಡಿಸಿ ಇವನನ್ನು ಓದಿಸಿದ. ಅಕ್ಕ ಹೊಲಿಗೆ ಮೆಷಿನ್ ಮುಂದೆ ಕೂತಳು. ಮೆಷಿನ್ ತುಳಿಯುತ್ತಲೇ ಇವನಿಗೆ ಮಗ್ಗಿ ಬಾಯಿಪಾಠ ಮಾಡಿಸಿದಳು. ಮದುವೆಯಾದದ್ದು ಅದೇ ಕೇರಿಯಲ್ಲಿ, ಗಂಡ ಹೋದದ್ದೂ ಅಲ್ಲೇ, ಈಗ ಅರವತ್ತು ದಾಟಿದ ಮೇಲೂ ಅದೇ ಮೆಷಿನ್. ಊರಿನ ಬಟ್ಟೆ ವ್ಯಾಪಾರಿ ಕತ್ತರಿಸಿದ ಬಟ್ಟೆ ಕೊಡುವನು, ಇವಳು ಹೊಲಿದು ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಪೈಪು ದಾಟಿ ಒಪ್ಪಿಸುವಳು. ಎರಡು ಮಂಡಿಯೂ ಕೈಕೊಟ್ಟಿದ್ದವು. “ಅಮ್ಮಾ, ನಿಮ್ಮ ಕೈಲಾಗದಿದ್ರೆ ಹೇಳ್ಬಿಡಿ, ಈಚೆ ದಡದಲ್ಲಿ ಹೊಲಿಯೋರು ಬೇಕಾದಷ್ಟು ಜನ ಇದಾರೆ” ಎಂದು ವ್ಯಾಪಾರಿ ಎರಡು ಸಲ ಎಚ್ಚರಿಸಿದ್ದ. ಕಾಲುವೆಗೆ ಒಂದು ಕಾಲುಸೇತುವೆ ಬಿದ್ದರೆ ಗಂಟನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಬಹುದು, ಇನ್ನು ಹತ್ತು ವರ್ಷ ಯಾರ ಹಂಗೂ ಇಲ್ಲದೆ ಬದುಕಬಹುದು. ಇಲ್ಲದಿದ್ದರೆ ಕೆಲಸ ಹೋಯಿತು, ಇಲ್ಲವೇ ಕಾಲು ಜಾರಿ ಅವಳೇ ಹೋದಳು. ಏಳು ವರ್ಷದಿಂದ ಕೇರಿಯವರು ಅರ್ಜಿ ಹಾಕುತ್ತಿದ್ದರು. ಅರ್ಜಿ ಬರೆಯುತ್ತಿದ್ದುದು ಅಕ್ಕನೇ.

ಪಟ್ಟಿ ಮಾಡುವವನು ಒಂದು ನಮೂನೆಗೆ ಸಹಿ ಹಾಕಬೇಕು: ಈ ಕಾಮಗಾರಿಗಳಿಂದ ನನ್ನ ಸಂಬಂಧಿಕರಾರಿಗೂ ಲಾಭವಿಲ್ಲ ಎಂದು. ಸಂಬಂಧಿಕರು ಯಾರೆಂದರೆ ಹೆಂಡತಿ, ಮಕ್ಕಳು, ತಂದೆ, ತಾಯಿ. ಒಡಹುಟ್ಟಿದವರು ಅದರಲ್ಲಿರಲಿಲ್ಲ. ಅವನು ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ನಿಜ ಹೇಳಿದ ಹಾಗೂ ಆಗಲಿಲ್ಲ. ಆ ಮುಳ್ಳು ಚುಚ್ಚುತ್ತಲೇ ಇತ್ತು. ಅದಕ್ಕೇ ಕಾಲುಸೇತುವೆಯ ಮಟ್ಟಿಗೆ ಅವನು ಬೇರೆಲ್ಲಕ್ಕಿಂತ ಬಿಗಿ. ಎಷ್ಟು ಜನ ದಾಟುತ್ತಾರೆಂದು ಎಣಿಸಲು ತಾನೇ ಹೋಗಿ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಈಚೆ ದಡದಲ್ಲಿ ಕೊಡೆ ಹಿಡಿದು ನಿಂತ. ಅವತ್ತು ಅಕ್ಕ ನಾಲ್ಕು ಸಲ ದಾಟಿದಳು. ಮೊದಲ ಸಲ ಪೈಪಿನ ನಡುವೆಯೇ ಅವನನ್ನು ಕಂಡು, ತಂತಿ ಹಿಡಿದ ಕೈಯನ್ನೇ ಎತ್ತಿ ಬೀಸಿ, “ಪುಟ್ಟಾ, ನನ್ನೂ ಬರ್ಕೊಂಡ್ಯಾ?” ಎಂದು ಕೂಗಿದಳು.

“ಬರ್ಕೊಂಡೆ ಅಕ್ಕಾ, ನೀನು ಮೊದಲು ತಂತಿ ಹಿಡ್ಕೋ!”

ಬರೆದುಕೊಂಡಿರಲಿಲ್ಲ. ಸ್ವಂತ ಅಕ್ಕನನ್ನು ಎಣಿಸಿದರೆ ಪಕ್ಷಪಾತವಾಗುತ್ತದೆ ಎಂದು ಅವನ ಬುದ್ಧಿ ಹೇಳಿತ್ತು. ನಾಲ್ಕು ಸಲವೂ ಅವನ ಪೆನ್ಸಿಲು ಏಳಲಿಲ್ಲ. ಸಂಜೆಗೆ ಲೆಕ್ಕ ನಾನೂರ ಹನ್ನೆರಡು ಆಗಿತ್ತು. ಅದನ್ನೂ ಇಳಿಸಿ ನಾನೂರು ಎಂದು ಬರೆದ. ಇಂಥ ಪ್ರಾಮಾಣಿಕತೆಗೆ ಏನು ಹೇಳೋಣ? ಲೋಕದಲ್ಲಿ ತನ್ನವರಿಗಾಗಿ ಹೆಚ್ಚು ಬರೆದುಕೊಂಡು ಕೆಟ್ಟವರಿದ್ದಾರೆ. ಇವನು ಕಮ್ಮಿ ಬರೆದು ಕೆಟ್ಟ.

ಅವನ ನಿಜವಾದ ತಪ್ಪು ಮಾತ್ರ ಬೇರೆಯದೇ. ಅದು ಎರಡು ವರ್ಷದ ಹಿಂದೆ ಆದದ್ದು. ಒಂದು ಮಧ್ಯಾಹ್ನ ಹಳೆಯ ಪಟ್ಟಿಗಳನ್ನಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದಾಗ ಅವನಿಗೆ ತನ್ನ ವಿಧಾನದಲ್ಲೇ ಒಂದು ತೂತು ಕಂಡಿತು. ಖರ್ಚಿನ ಕಾಲಂನಲ್ಲಿ ಪಟ್ಟಿಯೊಳಗಿನ ಅತಿ ಅಗ್ಗದ ಕಾಮಗಾರಿಗೆ ಪೂರ್ತಿ ಅಂಕ, ಅತಿ ದುಬಾರಿಯದಕ್ಕೆ ಸೊನ್ನೆ, ನಡುವಿನವಕ್ಕೆ ನಡುವಿನ ಅಂಕ. ಎರಡೇ ಕಾಮಗಾರಿ ಇದ್ದರೆ ದುಬಾರಿಯದು ಸೊನ್ನೆಗೆ ಬೀಳುತ್ತದೆ. ಆದರೆ ಯಾರಿಗೂ ಬೇಡದ, ಕಟ್ಟುವ ಮಾತೇ ಇಲ್ಲದ, ಅವೆರಡಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಮೂರನೆಯದೊಂದನ್ನು ಪಟ್ಟಿಗೆ ತಂದು ಸೇರಿಸಿದರೆ ಸೊನ್ನೆ ಅದರ ಪಾಲಾಗುತ್ತದೆ. ಮೊದಲಿನ ದುಬಾರಿ ಕಾಮಗಾರಿ ಕೂತಲ್ಲೇ ಅಗ್ಗವಾಗಿಬಿಡುತ್ತದೆ. ಒಬ್ಬ ಕುಳ್ಳ, ಒಬ್ಬ ಉದ್ದನೆಯವ ನಿಂತಿರುವ ಕಡೆ ತೆಂಗಿನಮರ ತಂದು ನಿಲ್ಲಿಸಿದರೆ ಇಬ್ಬರೂ ಕುಳ್ಳರಂತೆಯೇ ಕಾಣುವುದಿಲ್ಲವೇ, ಹಾಗೆ. ಒಂದು ಅಂಕಿಯೂ ಸುಳ್ಳಲ್ಲ. ಆದರೂ ಗೆದ್ದವನು ಸೋಲುತ್ತಾನೆ, ಸೋತವನು ಗೆಲ್ಲುತ್ತಾನೆ.

ಇದನ್ನು ಕಂಡವನು ತೆಪ್ಪಗಿರಬಾರದಿತ್ತೇ? ಇವನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಮೂರು ಪುಟದ ಟಿಪ್ಪಣಿ ಬರೆದ, ಉದಾಹರಣೆ ಕೊಟ್ಟ, ಕೆಂಪು ಶಾಯಿಯಲ್ಲಿ ಗೆರೆ ಎಳೆದ. ಕೊನೆಯಲ್ಲಿ ಪರಿಹಾರವನ್ನೂ ಸೂಚಿಸಿದ: ಮೊದಲ ಜರಡಿಯಾದ ಮೇಲೆ ಪಟ್ಟಿಗೆ ಹೊಸದನ್ನು ಸೇರಿಸಬಾರದು, ಖರ್ಚಿನ ಮೇಲುಮಿತಿ, ಕೆಳಮಿತಿಗಳನ್ನು ವರ್ಷದ ಮೊದಲೇ ಗೊತ್ತುಮಾಡಿಡಬೇಕು. ತಾನೇ ತೆಗೆದುಕೊಂಡು ಹೋಗಿ ಸಾಹೇಬರ ಕೈಯಲ್ಲಿಟ್ಟ. ಸಾಹೇಬರು ಕಚೇರಿಯ ಮುಖ್ಯಸ್ಥರು, ಯಾವತ್ತೂ ದನಿ ಎತ್ತದವರು. ಎರಡು ಸಲ ಓದಿ ಬೆನ್ನು ತಟ್ಟಿದರು. “ಎಂಥಾ ತಲೆ ರೀ ನಿಮ್ದು!” ಅಂದರು. ಅವತ್ತು ಅವನು ಮನೆಗೆ ಹೋಗುವಾಗ ಹೆಂಡತಿಗೆ ಸಿಹಿ ಕಟ್ಟಿಸಿಕೊಂಡು ಹೋದ. ಪರಿಹಾರ ಕಡತ ಸೇರಿತು. ತೂತು ಸಾಹೇಬರ ತಲೆಯಲ್ಲಿ ಉಳಿಯಿತು.

ಇದಾಗಿ ಎರಡು ವರ್ಷಕ್ಕೆ ಪಟ್ಟಿಗೆ ಬಂದದ್ದು ಹದಿನಾರು ಕಾಮಗಾರಿ. ಮೊದಲ ಜರಡಿಯಲ್ಲಿ ಹದಿನಾಲ್ಕು ಬಿದ್ದುಹೋಗಿ ಎರಡು ಉಳಿದವು: ಕಾಲುವೆಯ ಕಾಲುಸೇತುವೆ, ಮತ್ತು ಕಚೇರಿಯ ಹಿಂಭಾಗದಲ್ಲಿ ಮುನ್ನೂರೈವತ್ತು ಕುರ್ಚಿಯ ಸಭಾಭವನ. ಸಭಾಭವನ ಸಾಹೇಬರ ಕನಸು. ಅದಕ್ಕೆ ಸ್ವಂತ ಜಾಗ ಇತ್ತು, ಕಟ್ಟಿದರೆ ಬಾಡಿಗೆ ಬರುತ್ತಿತ್ತು, ಊರಿಗೆ ಊರೇ ಉಪಯೋಗಿಸುತ್ತದೆ ಎಂದು ಬರೆದುಕೊಂಡಿದ್ದರು. ಕಾಲುಸೇತುವೆ ಗೆದ್ದದ್ದು ಖರ್ಚು ಮತ್ತು ಸುರಕ್ಷತೆಯಲ್ಲಿ. ಖರ್ಚಿಗೆ ಮೂವತ್ತು, ಸುರಕ್ಷತೆಗೆ ಇಪ್ಪತ್ತೈದು; ಉಳಿದ ಮೂರು ಕಾಲಂ ಭವನದ ಪಾಲು. ಅವನು ಮೂರು ಸಲ ಕೂಡಿದ. ಸೇತುವೆಗೆ ಐವತ್ತೈದು, ಭವನಕ್ಕೆ ನಲವತ್ತೈದು.

ಪೆನ್ಸಿಲು ಕೆಳಗಿಟ್ಟು ಅವನು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಕಣ್ಣೊರೆಸಿಕೊಂಡ.

ಮೂವತ್ತು ವರ್ಷದ ನೌಕರಿಯಲ್ಲಿ ಸಮಿತಿ ಕೂಡುವ ಮೊದಲು ಒಂದು ಅಂಕಿಯನ್ನೂ ಹೊರಗೆ ಬಿಟ್ಟವನಲ್ಲ. ಆ ಭಾನುವಾರ ಬಸ್ಸು ಹತ್ತಿ ಸುತ್ತಿಕೊಂಡು ಅಕ್ಕನ ಮನೆಗೆ ಹೋಗಿ, ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಾಗ, “ಅಕ್ಕಾ, ಈ ವರ್ಷ ಆಗುತ್ತೆ” ಅಂದುಬಿಟ್ಟ.

ಅಕ್ಕ ದಾರ ಬಿಟ್ಟಳು. “ಏನು? ಸೇತುವೆನಾ? ನನ್ನಾಣೆ?”

“ಯಾರಿಗೂ ಹೇಳ್ಬೇಡ.”

“ಛೆ, ನಾನ್ಯಾರಿಗೆ ಹೇಳ್ಲಿ” ಅಂದಳು ಅಕ್ಕ. ಸಂಜೆಯೊಳಗೆ ಇಡೀ ಕೇರಿಗೆ ಗೊತ್ತಿತ್ತು. ಮರುದಿನ ಅವಳು ವ್ಯಾಪಾರಿಯ ಹತ್ತಿರ ಹೋಗಿ, ಇನ್ನೊಂದು ವರ್ಷ ತಾಳಿ, ಆಮೇಲೆ ಗಾಡಿಗಟ್ಟಲೆ ಬಟ್ಟೆ ಕೊಡಿ, ನಾನು ಹೊಲಿದುಕೊಡ್ತೀನಿ ಎಂದು ಮಾತು ಕೊಟ್ಟು ಬಂದಳು. ತಮ್ಮನ ಮಾತೆಂದರೆ ಅವಳಿಗೆ ಕಲ್ಲಿನಲ್ಲಿ ಕೆತ್ತಿದ ಹಾಗೆ.

ಸಮಿತಿ ಕೂಡಲು ನಾಲ್ಕು ದಿನವಿದೆ ಎನ್ನುವಾಗ ಮೇಲಿನ ಮಹಡಿಯ ಸಾಹೇಬರ ಕೋಣೆಯಿಂದ ಒಂದು ಪತ್ರ ಬಂತು. ದೊಡ್ಡ ರಸ್ತೆಯ ಕೆಳಗೆ ಅಂಡರ್‌ಪಾಸ್ ಕಟ್ಟುವ ಪ್ರಸ್ತಾವವನ್ನು ಈ ವರ್ಷದ ಪಟ್ಟಿಗೆ ಸೇರಿಸತಕ್ಕದ್ದು. ಅಂದಾಜು ಖರ್ಚು ಕಾಲುಸೇತುವೆಯ ಇಪ್ಪತ್ತೊಂದು ಪಟ್ಟು. ಅವನಿಗೆ ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ. ಅವನ ಟಿಪ್ಪಣಿಯ ಉದಾಹರಣೆಯಲ್ಲಿದ್ದದ್ದೂ ಇಪ್ಪತ್ತೊಂದು ಪಟ್ಟೇ.

ಆದರೂ ಲೆಕ್ಕ ಹಾಕಿದ. ಸೇತುವೆಯ ಒಂದು ಅಂಕವೂ ಕದಲಲಿಲ್ಲ: ಐವತ್ತೈದು. ಅಂಡರ್‌ಪಾಸ್ ನೆಲ ಕಚ್ಚಿತು. ಸಭಾಭವನ ಮಾತ್ರ ಖರ್ಚಿನ ಕಾಲಂನಲ್ಲಿ ಸೊನ್ನೆಯಿಂದ ಇಪ್ಪತ್ತೇಳಕ್ಕೆ ಎದ್ದು ಕೂತಿತು. ಒಟ್ಟು ಎಪ್ಪತ್ತೆರಡು.

ಅವನು ಸಾಹೇಬರ ಕೋಣೆಗೆ ಹೋದ. ಬಾಗಿಲು ತಟ್ಟುವುದನ್ನೂ ಮರೆತಿದ್ದ.

“ಸಾರ್, ಈ ಅಂಡರ್‌ಪಾಸ್ ಕೇಳಿದವರು ಯಾರು?”

“ಕೂತ್ಕೊಳ್ಳಿ. ಯಾರೂ ಕೇಳ್ಲೇಬೇಕಾ? ಊರು ಬೆಳೀತಿದೆ, ನಾವೂ ಸ್ವಲ್ಪ ಮುಂದಾಲೋಚನೆ ಮಾಡ್ಬೇಕಲ್ವಾ?”

“ಇದನ್ನ ಯಾರೂ ಕಟ್ಟಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.”

“ಕಟ್ಟೋದು ಬಿಡೋದು ನಾವ್ಯಾರ್ರೀ ಹೇಳೋಕೆ? ಪಟ್ಟಿ ಹೇಳುತ್ತೆ. ನೀವೇ ತಾನೆ ನಮಗೆಲ್ಲ ಕಲಿಸಿದ್ದು?”

“ಇದು ಸೇರಿದ್ರೆ ಸೇತುವೆ ಹೋಗುತ್ತೆ ಸಾರ್. ಜನ ಬಿದ್ದಿದಾರೆ ಅಲ್ಲಿ. ಐದು ವರ್ಷದಲ್ಲಿ ಒಂಬತ್ತು ಜನ.”

ಸಾಹೇಬರು ಡ್ರಾಯರ್ ಎಳೆದು ಮೂರು ಪುಟದ ಟಿಪ್ಪಣಿ ತೆಗೆದು ಮೇಜಿನ ಮೇಲಿಟ್ಟರು. ಕೆಂಪು ಶಾಯಿಯ ಗೆರೆ ಇನ್ನೂ ಮಾಸಿರಲಿಲ್ಲ. “ನಿಮ್ಮ ಅಕ್ಷರ ಎಷ್ಟು ಮುದ್ದಾಗಿದೆ ನೋಡಿ” ಅಂದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು, “ಅಂದಹಾಗೆ, ನಿಮ್ಮ ಅಕ್ಕ ಹೇಗಿದಾರೆ? ಮಂಡಿನೋವು ಅಂತೆ. ಅವರ ಮನೆ ಕಾಲುವೆ ಆಚೆ ಅಲ್ವಾ?”

ಅವನು ಕುರ್ಚಿ ಎಳೆದು ಕೂತ.

“ನಮೂನೇಲಿ ಅಕ್ಕ ಅನ್ನೋ ಮಾತಿಲ್ಲ, ನಿಜ. ನಾನಂತೂ ತಪ್ಪು ತಿಳ್ಕೊಳ್ಳಲ್ಲ. ಆದ್ರೆ ಸೇತುವೆ ಆಗುತ್ತೆ ಅಂತ ಆ ಕೇರೀಲಿ ಹೋದ ವಾರವೇ ಮಾತಾಡ್ಕೊಳ್ತಿದ್ರಂತೆ. ಯಾರು ಹೇಳಿದ್ದೋ ಏನೋ. ವಿಚಾರಣೆ ಅಂತ ಆದ್ರೆ ನಿಮ್ಮ ಏಳು ವರ್ಷದ ಸಹಿಯನ್ನೂ ತೆಗೆದು ನೋಡ್ತಾರೆ. ನಿವೃತ್ತಿಗೆ ಇನ್ನೆಷ್ಟು, ಹತ್ತು ತಿಂಗಳಾ?”

ಒಂದು ಕೆಟ್ಟ ಮಾತಿಲ್ಲ, ಒಂದು ಬೆದರಿಕೆಯಿಲ್ಲ. ಹೊಟ್ಟೆ ಉರಿಯುವುದು ಇದಕ್ಕೇ. ಬೈದಿದ್ದರೆ ಬೈಸಿಕೊಂಡವನಿಗೆ ರೋಷವಾದರೂ ಬರುತ್ತಿತ್ತು. ಅವನು ಎದ್ದು ಬಂದು, ತನ್ನ ಕೋಣೆಯಲ್ಲಿ ಮೇಜಿನ ಗಿಡ್ಡ ಕಾಲಿನ ರಟ್ಟು ಸರಿಮಾಡುತ್ತಾ ಬಹಳ ಹೊತ್ತು ನೆಲದ ಮೇಲೆ ಕೂತಿದ್ದ.

ಸಮಿತಿ ಕೂಡಿತು. ಅವನು ನಿಂತು ಪಟ್ಟಿ ಓದಿದ. ಸಭಾಭವನ ಎಪ್ಪತ್ತೆರಡು, ಕಾಲುಸೇತುವೆ ಐವತ್ತೈದು, ಅಂಡರ್‌ಪಾಸ್ ಮೂವತ್ತೈದು. ಆರು ಜನ ತಲೆಯಾಡಿಸಿದರು. ಹಳೆಯ ಗುತ್ತಿಗೆದಾರರು ಮಾತ್ರ ಕನ್ನಡಕ ಹಣೆಗೇರಿಸಿದರು.

“ಅಲ್ಲ ಕಣಯ್ಯ, ಸೇತುವೆ ಮೇಲಿದೆ ಅಂತ ಕೇಳಿದ್ದೆ. ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ? ನಿನ್ನ ಬಾಯಲ್ಲಿ ಹೇಳು, ಸಾಕು. ನಾನು ಒಪ್ಕೋತೀನಿ.”

ಹೀಗೆ ನಿಜ ಹೇಳುವ ಅವಕಾಶ ತಾನೇ ಬಾಗಿಲು ತೆರೆದುಕೊಂಡು ಬಂದು ಎದುರಿಗೆ ನಿಲ್ಲುವುದು ಒಬ್ಬನ ಆಯುಷ್ಯದಲ್ಲಿ ಎಷ್ಟು ಸಲ? ಆ ಮುದುಕರಿಗೆ ಅವನ ಮೇಲೆ ನಂಬಿಕೆಯಿತ್ತು. ಅಂಡರ್‌ಪಾಸ್ ಸುಮ್ಮನೆ ಸೇರಿಸಿದ್ದು, ಅದನ್ನು ತೆಗೆದು ನೋಡಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಸಾಹೇಬರು ನೀರಿನ ಲೋಟವನ್ನು ಎರಡು ಬೆರಳಲ್ಲಿ ತಿರುಗಿಸುತ್ತಿದ್ದರು. ಅವನ ಕಣ್ಣ ಮುಂದೆ ಏಳು ಸಹಿ ಸಾಲಾಗಿ ನಿಂತವು. ಆಮೇಲೆ ಹೆಂಡತಿ, ಪಿಂಚಣಿ, ಕಚೇರಿಯವರ ನಗು. “ತಕ್ಕಡಿ ಅಕ್ಕನ ಕಡೆ ವಾಲಿತಂತೆ” ಎನ್ನುವ ಮಾತು ಅವರು ಆಡುವ ಮೊದಲೇ ಅವನಿಗೆ ಕೇಳಿಸಿತು. ಅದೊಂದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ.

“ಲೆಕ್ಕ ಸರಿಯಾಗಿದೆ ಸಾರ್” ಅಂದ.

ಲೆಕ್ಕ ಸರಿಯಾಗಿಯೇ ಇತ್ತು. ಮುದುಕರು ಕನ್ನಡಕ ಇಳಿಸಿ ಸಹಿ ಹಾಕಿದರು.

ಅಕ್ಕನಿಗೆ ಹೇಳಲು ಅವನು ಎರಡು ಭಾನುವಾರ ತಡಮಾಡಿದ. ಮೂರನೆಯ ಭಾನುವಾರ ಹೋದಾಗ ಅವಳಿಗೆ ಆಗಲೇ ಗೊತ್ತಿತ್ತು. ಕೇರಿಯವರು ಅವಳ ಮುಖದ ಮೇಲೆ ಹೊಡೆದ ಹಾಗೆ ಹೇಳಿ ಹೋಗಿದ್ದರು. ಅವಳು ಮೆಷಿನ್ ನಿಲ್ಲಿಸಲಿಲ್ಲ. ಅವನು ಹೊಸ್ತಿಲ ಪಕ್ಕದ ಮಣೆಯ ಮೇಲೆ ಕೂತು, ಕಾಲಂ, ತೂಕ, ಮೂರನೆಯ ಕಾಮಗಾರಿ, ತೆಂಗಿನಮರ ಎಲ್ಲ ಬಿಡಿಸಿ ಬಿಡಿಸಿ ಹೇಳಿದ. ಲೆಕ್ಕದಲ್ಲಿ ಚುರುಕಾದ ಹೆಂಗಸು, ಅರ್ಧಕ್ಕೇ ಅವಳಿಗೆ ತಿಳಿದಿತ್ತು.

“ನಿಂಗೆ ಗೊತ್ತಿತ್ತು” ಅಂದಳು. “ಗೊತ್ತಿದ್ದೂ ಸುಮ್ನಿದ್ದೆ.”

“ನನ್ನ ಕೈಯಲ್ಲಿ ಏನಿತ್ತಕ್ಕಾ? ಪಟ್ಟಿ ಹಾಗೆ ಬಂತು.”

ಆಗ ಮೆಷಿನ್ ನಿಂತಿತು.

“ಅಪ್ಪ ನನ್ನ ಸ್ಕೂಲು ಬಿಡಿಸಿದ ದಿವಸ ನೀನು ಚಿಕ್ಕೋನು, ನಿಂಗೆ ನೆನಪಿರಲ್ಲ. ನನ್ನನ್ನ ಎದುರಿಗೆ ಕೂರಿಸ್ಕೊಂಡ. ನೀನೇ ಜಾಣೆ, ಆದ್ರೂ ನಿನ್ನನ್ನೇ ಬಿಡಿಸ್ತಿದೀನಿ, ತಪ್ಪು ನಂದು ಅಂದ. ನನ್ನ ಮುಖ ನೋಡ್ಕೊಂಡು ಹೇಳ್ದ ಕಣೋ. ನಾನು ಅವನನ್ನ ಎಷ್ಟು ಬೈಕೊಂಡೆ! ಆದ್ರೂ ಬೈಯೋಕೆ ಒಂದು ಮುಖ ಅಂತ ಇತ್ತು. ನೀನು ಅದೂ ಇಲ್ದಂಗೆ ಮಾಡ್ದೆ. ನಾನ್ಯಾರನ್ನ ಬೈಲಿ? ಕಾಲಂನಾ?”

ಅವನು ನೆಲ ನೋಡುತ್ತಿದ್ದ. ನೆಲದ ಮೇಲೆ ಬಣ್ಣಬಣ್ಣದ ದಾರದ ತುಣುಕು.

“ಒಂದು ಕೇಳ್ತೀನಿ, ನಿಜ ಹೇಳು” ಅಂದಳು ಅಕ್ಕ. “ಅವತ್ತು ಕೊಡೆ ಹಿಡ್ಕೊಂಡು ನಿಂತಿದ್ಯಲ್ಲ, ನನ್ನನ್ನ ಎಣಿಸಿದ್ಯಾ?”

ಸುಳ್ಳು ಹೇಳಬಹುದಿತ್ತು. ಇಂಥದ್ದರಲ್ಲಿ ಮಾತ್ರ ಅವನಿಗೆ ಸುಳ್ಳು ಬರುತ್ತಿರಲಿಲ್ಲ.

“ಇಲ್ಲ” ಅಂದ.

ಅಕ್ಕ ಎದ್ದು ಚಹಾ ಮಾಡಿ ಕೊಟ್ಟಳು. ಸಕ್ಕರೆ ಹಾಕುವುದನ್ನು ಮರೆತಿದ್ದಳೋ, ಬೇಕೆಂದೇ ಹಾಕಲಿಲ್ಲವೋ. ಅವನು ಹಾಗೆಯೇ ಕುಡಿದು ಬಸ್ಸು ಹಿಡಿದ.

ಸಭಾಭವನ ಹದಿನಾಲ್ಕು ತಿಂಗಳಲ್ಲಿ ಎದ್ದು ನಿಂತಿತು. ಅಷ್ಟರಲ್ಲಿ ಅವನ ನಿವೃತ್ತಿಯೂ ಆಗಿತ್ತು. ಬೀಳ್ಕೊಡುವಾಗ ಸಾಹೇಬರು ಅವನ ಪಟ್ಟಿಯನ್ನು ಬೇರೆ ಊರುಗಳಿಗೂ ಮಾದರಿಯೆಂದು ಕಳಿಸಿದ್ದೇವೆ ಎಂದು ಹೇಳಿ ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ಹೆಂಡತಿ ಅಡುಗೆಮನೆಯಲ್ಲಿ ಕಿಟಕಿ ಇರಬೇಕಾದ ಜಾಗಕ್ಕೆ ನೇತುಹಾಕಿದಳು.

ಭವನದ ಕುರ್ಚಿಗಳಿಗೆ ಗವಸು ಹೊಲಿಸುವ ಕೆಲಸ ಆ ಬಟ್ಟೆ ವ್ಯಾಪಾರಿಗೇ ಸಿಕ್ಕಿತು. ವ್ಯಾಪಾರಿ ಅದನ್ನು ಅಕ್ಕನಿಗೆ ಕೊಟ್ಟ. ಇದೊಂದು ಮುಗಿಸಿಕೊಡಿ ಅಮ್ಮಾ, ಆಮೇಲೆ ನೀವು ಆರಾಮವಾಗಿರಿ ಎಂದನಂತೆ. ಅಂದರೆ ಇದೇ ಕೊನೆಯ ಕೆಲಸ. ಮುನ್ನೂರೈವತ್ತು ಗವಸು, ಕಡುಗೆಂಪು ಬಟ್ಟೆ. ಸುದ್ದಿ ತಮ್ಮನ ಕಿವಿಗೂ ಬಿತ್ತು. ಕೊನೆಯ ಗಂಟು ಹೋಗುವ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು ಅಕ್ಕನ ಮನೆ ಮುಟ್ಟಿದ. ಅವಳು ಎರಡು ಗಂಟು ಕಟ್ಟಿಟ್ಟಿದ್ದಳು.

“ಒಂದು ನನಗೆ ಕೊಡಕ್ಕಾ. ನಾನು ತರ್ತೀನಿ.”

ಅಕ್ಕ ಅವನ ಮುಖ ನೋಡಿದಳು. ಚಿಕ್ಕ ಗಂಟನ್ನು ಅವನ ತೋಳಿಗೆ ಕೊಟ್ಟಳು. ಇಬ್ಬರೂ ಕಾಲುವೆಯವರೆಗೆ ನಡೆದರು. ಅವಳ ನಡಿಗೆಯಲ್ಲಿ ಎಡಗಾಲು ಎಳೆಯುತ್ತಿತ್ತು. ದಡದಲ್ಲಿ ಚಪ್ಪಲಿ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನೂ ಬೂಟು ಕಳಚಿದ.

ಪೈಪು ರಾತ್ರಿಯ ಇಬ್ಬನಿಗೆ ತೊಯ್ದಿತ್ತು. ಅವನು ಒಂದು ಹೆಜ್ಜೆ ಇಟ್ಟ, ಎರಡು ಇಟ್ಟ. ಮೂರನೆಯದಕ್ಕೆ ಕೆಳಗಿನ ಕಪ್ಪು ನೀರು ಕಣ್ಣಿಗೆ ಬಿತ್ತು. ಒಂದು ಕೈಯಲ್ಲಿ ತಂತಿ, ಇನ್ನೊಂದರಲ್ಲಿ ಗಂಟು, ಮುಂದೆ ನೋಡಲು ಯಾರ ಕಿವಿಯೂ ಇರಲಿಲ್ಲ. ಹಿಮ್ಮೆಟ್ಟಿ, ಹಿಮ್ಮೆಟ್ಟಿ ದಡಕ್ಕೆ ಬಂದು ಕುಕ್ಕರಿಸಿದ.

ಅಕ್ಕ ಬಂದು ಅವನ ತೋಳಿನಿಂದ ಗಂಟು ಬಿಡಿಸಿಕೊಂಡಳು. ಅದನ್ನು ತನ್ನ ಗಂಟಿನ ಮೇಲಿಟ್ಟು, ಎರಡನ್ನೂ ತಲೆಗೇರಿಸಿಕೊಂಡು, ಒಂದು ಕೈಯಿಂದ ತಂತಿ ಹಿಡಿದಳು.

“ನೀನು ಇಲ್ಲೇ ನಿಂತು ಎಣಿಸ್ಕೋ ಪುಟ್ಟ” ಅಂದಳು. “ನಿಂಗೆ ಅದೇ ತಾನೆ ಬರೋದು.”

ಎಡಗಾಲು ಎಳೆದುಕೊಂಡು, ಒಂದೊಂದೇ ಹೆಜ್ಜೆಯಾಗಿ ಅವಳು ದಾಟಿದಳು. ಊರ ಕಡೆಯ ದಡದಲ್ಲಿ ಚಪ್ಪಲಿ ಮೆಟ್ಟಿಕೊಂಡು ಸಭಾಭವನದ ದಾರಿ ಹಿಡಿದಳು. ಹಿಂತಿರುಗಿ ನೋಡಲಿಲ್ಲ. ಅವನು ಬೂಟು ಕೈಯಲ್ಲಿ ಹಿಡಿದುಕೊಂಡು ಮುಂದಿನ ಬಸ್ಸಿಗೆ ನಡೆದ.